ಓಣಿಯ ಕ್ಲಬ್ಬು, ಒಲಿಂಪಿಕ್ ಚಿನ್ನ: ಅರ್ಜೆಂಟೀನಾ ಬಾಸ್ಕೆಟ್‌ಬಾಲ್ ಚರಿತ್ರೆ ಗದುಗಿಗೆ ಹೇಳುವ ಮಾತು

2004ರ ಆಗಸ್ಟ್ 28ರಂದು ಅಥೆನ್ಸಿನಲ್ಲಿ ಅರ್ಜೆಂಟೀನಾದ ಪುರುಷರ ಬಾಸ್ಕೆಟ್‌ಬಾಲ್ ತಂಡ ಇಟಲಿಯನ್ನು 84–69ರಿಂದ ಸೋಲಿಸಿ ಒಲಿಂಪಿಕ್ ಚಿನ್ನ ಗೆದ್ದಿತು. ಅದರ ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 89–81ರಿಂದ ಮಣಿಸಿತ್ತು. 1992ರಲ್ಲಿ ಅಮೆರಿಕ ತನ್ನ ಎನ್‌ಬಿಎ ಆಟಗಾರರನ್ನು ಒಲಿಂಪಿಕ್ಸಿಗೆ ಕಳಿಸಲು ಆರಂಭಿಸಿದ ಮೇಲೆ ಪುರುಷರ ಚಿನ್ನ ಬೇರೊಂದು ದೇಶದ ಪಾಲಾದದ್ದು ಆ ಒಂದೇ ಸಲ. ಆ ತಂಡದ 12 ಮಂದಿಯಲ್ಲಿ ಮನು ಜಿನೊಬಿಲಿ, ಪೆಪೆ ಸಾಂಚೆಸ್, ಅಲೆಹಾಂದ್ರೊ ಮೊಂಟೆಕಿಯಾ ಈ ಮೂವರೂ ಬಾಹಿಯಾ ಬ್ಲಾಂಕಾ ಎಂಬ ಒಂದೇ ಊರಿನವರು. ಸುಮಾರು ಮೂರು ಲಕ್ಷ ಜನರಿರುವ ಆ ಊರು ನಮ್ಮ ಗದಗ-ಬೆಟಗೇರಿಯ ಎರಡು ಪಟ್ಟೂ ಇಲ್ಲ. ಇದನ್ನು ಅದೃಷ್ಟ ಎನ್ನುವವರಿದ್ದಾರೆ, ಒಂದು ಅಪೂರ್ವ ಪೀಳಿಗೆ ಹುಟ್ಟಿಬಂತು ಎನ್ನುವವರೂ ಇದ್ದಾರೆ. ಆ ದೇಶದ ಬಾಸ್ಕೆಟ್‌ಬಾಲ್ ಚರಿತ್ರೆಯನ್ನು ಮೊದಲಿನಿಂದ ಓದಿದರೆ ಬೇರೆಯದೇ ಉತ್ತರ ಸಿಗುತ್ತದೆ. ಆ ಚಿನ್ನವನ್ನು ದುಡಿದದ್ದು ಸದಸ್ಯರ ವಂತಿಗೆಯಿಂದ ನಡೆಯುವ ಓಣಿಯ ಕ್ಲಬ್ಬುಗಳು. ಸಹಕಾರ ಚಳವಳಿಯ ತೊಟ್ಟಿಲಾದ ಗದಗ ಸೀಮೆಗೆ ಆ ಚರಿತ್ರೆ ಬೇಗ ಅರ್ಥವಾಗಬೇಕು.

ಎರಡೂ ಊರುಗಳ ಹಿನ್ನೆಲೆಯನ್ನು ಒಮ್ಮೆ ನೋಡಬೇಕು. ಬಾಹಿಯಾ ಬ್ಲಾಂಕಾಕ್ಕೆ ಬ್ರಿಟಿಷ್ ಬಂಡವಾಳದ ರೈಲು ಬಂದದ್ದು 1884ರಲ್ಲಿ. ಸದರ್ನ್ ಮರಾಠಾ ರೈಲ್ವೆಯ ಹೋಟಗಿ ಮಾರ್ಗ ಗದುಗನ್ನು ಮುಟ್ಟಿದ್ದೂ ಅದೇ ವರ್ಷ. ಅಲ್ಲಿ ಬಯಲುಸೀಮೆಯ ಗೋಧಿ ರೈಲು ಹತ್ತಿ ಬಂದರಿಗೆ ಹೋಗುತ್ತಿತ್ತು. ಇಲ್ಲಿ ಎರೆಹೊಲದ ಹತ್ತಿ ಗದುಗಿನ ಪೇಟೆಗೆ ಬಂದು, ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬೀಜ ಬಿಡಿಸಿಕೊಂಡು ಮುಂದೆ ಸಾಗುತ್ತಿತ್ತು. ರಾಜಧಾನಿಯಿಂದ ಬಾಹಿಯಾ ಬ್ಲಾಂಕಾ ಸುಮಾರು 650 ಕಿಲೋಮೀಟರ್ ದೂರ, ಬೆಂಗಳೂರಿನಿಂದ ಗದಗ 400 ಕಿಲೋಮೀಟರಿಗೂ ಹೆಚ್ಚು. ರಾಜಧಾನಿಯ ಕಣ್ಣಿಗೆ ಸುಲಭಕ್ಕೆ ಬೀಳದ, ದುಡಿಮೆ ಮತ್ತು ವ್ಯಾಪಾರವನ್ನು ನಂಬಿ ಬೆಳೆದ ಊರುಗಳು ಇವೆರಡೂ. ಹಾಗಿದ್ದ ಮೇಲೆ ಒಂದು ಊರಿಗೆ ಆದದ್ದು ಇನ್ನೊಂದಕ್ಕೆ ಏಕೆ ಆಗಲಿಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಅರ್ಜೆಂಟೀನಾಕ್ಕೆ ಬಾಸ್ಕೆಟ್‌ಬಾಲ್ ತಂದದ್ದು ವೈಎಂಸಿಎ ಸಂಸ್ಥೆ, 1912ರಲ್ಲಿ. ಭಾರತಕ್ಕೂ ಈ ಆಟ ಬಂದದ್ದು ಅದೇ ಸಂಸ್ಥೆಯ ಮೂಲಕ. ಬೀಜ ಒಂದೇ, ಬಿದ್ದ ನೆಲ ಬೇರೆ. 1932ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಸ್ಥಾಪನೆಯಾದಾಗ ಇದ್ದ ಎಂಟು ದೇಶಗಳಲ್ಲಿ ಯುರೋಪಿನ ಹೊರಗಿನದು ಅರ್ಜೆಂಟೀನಾ ಒಂದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಈ ತಂಡವನ್ನು ಸೋಲಿಸಿದ್ದು ಬರೀ ಎರಡು ಅಂಕಗಳಿಂದ, 59–57. ಎರಡು ವರ್ಷ ಕಳೆದು, 1950ರಲ್ಲಿ, ಮೊತ್ತಮೊದಲ ವಿಶ್ವ ಚಾಂಪಿಯನ್‌ಷಿಪ್ ಬ್ಯೂನಸ್ ಐರಿಸ್‌ನ ಲೂನಾ ಪಾರ್ಕ್ ಕ್ರೀಡಾಂಗಣದಲ್ಲಿ ನಡೆಯಿತು. ನವೆಂಬರ್ 3ರ ರಾತ್ರಿ ಕೊನೆಯ ಪಂದ್ಯದಲ್ಲಿ ಆತಿಥೇಯರು ಅಮೆರಿಕವನ್ನು 64–50ರಿಂದ ಸೋಲಿಸಿದರು. ನಾಯಕ ರಿಕಾರ್ಡೊ ಗೊನ್ಸಾಲೆಸ್, ತಂಡದ ದೊಡ್ಡ ಆಟಗಾರ ಆಸ್ಕರ್ ಫರ್ಲಾಂಗ್. ಪಂದ್ಯ ಮುಗಿದ ಮೇಲೆ ಜನ ಕೈಯಲ್ಲಿದ್ದ ಪತ್ರಿಕೆಗಳನ್ನು ಸುತ್ತಿ ಬೆಂಕಿ ಹೊತ್ತಿಸಿ, ದೀವಟಿಗೆಯಂತೆ ಹಿಡಿದು ಬೀದಿಗಿಳಿದರು. ಆ ದೇಶದವರು ಅದನ್ನು ಇಂದಿಗೂ ದೀವಟಿಗೆಗಳ ರಾತ್ರಿ ಎಂದೇ ಕರೆಯುತ್ತಾರೆ.

ಆ ವೈಭವ ಬಹಳ ದಿನ ಉಳಿಯಲಿಲ್ಲ. ಆಗ ಅಧ್ಯಕ್ಷರಾಗಿದ್ದ ಹ್ವಾನ್ ಪೆರೋನ್ ಕ್ರೀಡೆಗೆ ಧಾರಾಳವಾಗಿ ನೆರವು ಕೊಟ್ಟವರು. ಗೆಲುವಿನ ಕೀರ್ತಿಯಲ್ಲಿ ತಮ್ಮ ಸರ್ಕಾರಕ್ಕೂ ಪಾಲು ಪಡೆದವರು. 1955ರ ಸೆಪ್ಟೆಂಬರಿನಲ್ಲಿ ಸೈನ್ಯ ಅವರನ್ನು ಕೆಳಗಿಳಿಸಿತು. ಹಿಂದಿನ ಸರ್ಕಾರಕ್ಕೆ ಹತ್ತಿರವಿದ್ದವರನ್ನೆಲ್ಲ ವಿಚಾರಣೆಗೆ ಎಳೆದ ಹೊಸ ಆಡಳಿತದ ಕಣ್ಣು ವಿಶ್ವ ಚಾಂಪಿಯನ್ನರ ಮೇಲೂ ಬಿತ್ತು. ಕಾರು ಆಮದು ಮಾಡಿಕೊಳ್ಳುವ ಪರವಾನಗಿಯನ್ನು ಬಹುಮಾನವಾಗಿ ಪಡೆದಿದ್ದಾರೆ, ಆದ್ದರಿಂದ ಇವರು ಹವ್ಯಾಸಿಗಳಲ್ಲ, ವೃತ್ತಿಪರರು ಎಂಬ ನೆಪ ಮಾಡಿ 1957ರಲ್ಲಿ ಆ ಪೀಳಿಗೆಯ ಆಟಗಾರರಿಗೆ ಆಜೀವ ನಿಷೇಧ ಹೇರಲಾಯಿತು. ಫರ್ಲಾಂಗ್ ಟೆನಿಸ್ ಕಡೆಗೆ ಹೊರಳಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ನಾಲ್ಕನೆಯ ಸ್ಥಾನ ಪಡೆದಿದ್ದ ತಂಡ ಒಲಿಂಪಿಕ್ ಅಂಗಳದಲ್ಲಿ ಮತ್ತೆ ಆಡಿದ್ದು 1996ರಲ್ಲಿ, 44 ವರ್ಷಗಳ ನಂತರ. ನಡುವೆ 1980ರಲ್ಲಿ ಅರ್ಹತೆ ಸಿಕ್ಕಿತ್ತು. ಮಾಸ್ಕೋ ಬಹಿಷ್ಕಾರದಿಂದಾಗಿ ಅದೂ ಕೈತಪ್ಪಿತು. ಸರ್ಕಾರದ ನೆರಳಿನಲ್ಲಿ ಬೆಳೆದದ್ದನ್ನು ಮುಂದಿನ ಸರ್ಕಾರ ಒಂದು ಆದೇಶದಿಂದ ಕಡಿದು ಹಾಕಬಲ್ಲದು ಎಂಬುದಕ್ಕೆ ಕ್ರೀಡಾ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ರಾಷ್ಟ್ರೀಯ ತಂಡ ಹೀಗೆ ಮುರಿದು ಬಿದ್ದ ಕಾಲದಲ್ಲೂ ಆಟ ಸಾಯಲಿಲ್ಲ. ಅದು ಉಳಿದದ್ದು ಓಣಿಯ ಕ್ಲಬ್ಬುಗಳಲ್ಲಿ. ಅರ್ಜೆಂಟೀನಾದಲ್ಲಿ ಕ್ಲಬ್ಬು ಎಂದರೆ ಮಾಲೀಕನಿಲ್ಲದ ಸಂಸ್ಥೆ. ಸುತ್ತಲಿನ ಮನೆಯವರೇ ಸದಸ್ಯರು. ತಿಂಗಳಿಗಿಷ್ಟು ಎಂದು ವಂತಿಗೆ ಕಟ್ಟುತ್ತಾರೆ, ಆಡಳಿತ ಮಂಡಳಿಯನ್ನು ತಾವೇ ಆರಿಸುತ್ತಾರೆ, ಮಂಡಳಿಯವರು ಸಂಬಳವಿಲ್ಲದೆ ದುಡಿಯುತ್ತಾರೆ. ಒಳಗೆ ಒಂದು ಬಾಸ್ಕೆಟ್‌ಬಾಲ್ ಅಂಗಳ, ಪಕ್ಕದಲ್ಲಿ ಹಿರಿಯರು ಹರಟುತ್ತ ಕೂರುವ ಕ್ಯಾಂಟೀನು. ಹಣ ಸಾಲದೆ ಬಂದಾಗ ತಾಯಂದಿರು ಅಡುಗೆ ಮಾಡಿ ಮಾರುತ್ತಾರೆ, ಹುಡುಗರು ಲಾಟರಿ ಚೀಟಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಬಾಹಿಯಾ ಬ್ಲಾಂಕಾದಲ್ಲಿ ಇಂಥ ಕ್ಲಬ್ಬುಗಳು ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ಎಸ್ತುದಿಯಾಂತೆಸ್, ಒಲಿಂಪೊ, ರೈಲ್ವೆಯ ಹೆಸರು ಹೊತ್ತ ಪಸಿಫಿಕೊ ಇವುಗಳ ನಡುವಿನ ಹಟ ಊರನ್ನೇ ಕಾಯಿಸಿ ಇಟ್ಟಿತ್ತು. ಅದರ ಫಲ ಒಂದು ರಾತ್ರಿ ಕಣ್ಣಿಗೆ ಕಟ್ಟುವಂತೆ ಕಂಡಿತು. 1971ರ ಜುಲೈ 3ರಂದು, ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಯುಗೊಸ್ಲಾವಿಯಾ ತಂಡ ಬಾಹಿಯಾ ಬ್ಲಾಂಕಾಕ್ಕೆ ಸ್ನೇಹಪಂದ್ಯಕ್ಕೆ ಬಂದಿತ್ತು. ಒಲಿಂಪೊ ಕ್ಲಬ್ಬಿನ ಅಂಗಳದಲ್ಲಿ ಎದುರಿಗೆ ನಿಂತದ್ದು ಅರ್ಜೆಂಟೀನಾ ದೇಶದ ತಂಡವಲ್ಲ, ಆ ಊರಿನ ತಂಡ. ಆಲ್ಬೆರ್ತೊ ಕಬ್ರೆರಾ, ಅತಿಲಿಯೊ ಫ್ರುಯೆಟ್, ಹೊಸೆ ದೆ ಲಿಸಾಸೊ ಮುಂತಾದವರಿದ್ದ ಆ ತಂಡ ವಿಶ್ವವಿಜೇತರನ್ನು 78–75ರಿಂದ ಸೋಲಿಸಿತು. ಜಿನೊಬಿಲಿ ಹುಟ್ಟುವುದಕ್ಕೆ ಇನ್ನೂ ಆರು ವರ್ಷವಿತ್ತು. ಅವರ ತಂದೆ ಮುಂದೆ ಬಾಹಿಯೆನ್ಸೆ ದೆಲ್ ನೊರ್ತೆ ಕ್ಲಬ್ಬಿನ ಅಧ್ಯಕ್ಷರಾದರು, ಇಬ್ಬರು ಅಣ್ಣಂದಿರೂ ಆಟಗಾರರಾದರು. ಅಂಥ ಮನೆಯ, ಅಂಥ ಓಣಿಯ ಹುಡುಗ ಆಟ ಕಲಿತದ್ದರಲ್ಲಿ ಪವಾಡವೇನೂ ಇಲ್ಲ.

ಕ್ಲಬ್ಬು ಹುಡುಗರನ್ನು ಬೆಳೆಸಬಲ್ಲದು, ಆದರೆ ಅವರಿಗೆ ವರ್ಷಪೂರ್ತಿ ಗಟ್ಟಿ ಎದುರಾಳಿಗಳನ್ನು ಒದಗಿಸುವುದು ಒಂದೇ ಊರಿನಿಂದ ಆಗದ ಕೆಲಸ. ಈ ಕೊರತೆಯನ್ನು ಗುರುತಿಸಿದವರು ಲಿಯೋನ್ ನಾಜ್ನುಡೆಲ್ ಎಂಬ ತರಬೇತುದಾರ. ರೈಲ್ವೆ ಕಾರ್ಮಿಕರು 1904ರಲ್ಲಿ ಕಟ್ಟಿದ ಫೆರೊ ಕ್ಯಾರಿಲ್ ಓಯೆಸ್ತೆ ಕ್ಲಬ್ಬಿನ ಕೋಚ್ ಅವರು. ಆವರೆಗೆ ಬ್ಯೂನಸ್ ಐರಿಸ್‌ನ ಕ್ಲಬ್ಬುಗಳು ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಿದ್ದವು. ಒಳನಾಡಿನ ಪ್ರತಿಭೆ ಬೆಳಕಿಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ ಪ್ರಾಂತ್ಯಗಳ ನಡುವೆ ನಡೆಯುವ ಕೆಲವೇ ದಿನಗಳ ಪಂದ್ಯಾವಳಿಯಲ್ಲಿ. ದೇಶದ ಯಾವ ಮೂಲೆಯ ಕ್ಲಬ್ಬಾದರೂ ಕೆಳಗಿನ ದರ್ಜೆಯಿಂದ ಗೆದ್ದು ಗೆದ್ದು ಮೇಲಕ್ಕೆ ಬರುವಂಥ ಒಂದು ರಾಷ್ಟ್ರೀಯ ಲೀಗ್ ಬೇಕು ಎಂದು ಅವರು ವರ್ಷಗಟ್ಟಲೆ ಊರೂರು ತಿರುಗಿ ವಾದಿಸಿದರು. 1985ರ ಏಪ್ರಿಲಿನಲ್ಲಿ ಲೀಗ್ ಆರಂಭವಾಯಿತು. 1998ರಲ್ಲಿ ತೀರಿಕೊಂಡ ನಾಜ್ನುಡೆಲ್ ಅಥೆನ್ಸಿನ ಚಿನ್ನವನ್ನು ಕಾಣಲಿಲ್ಲ. ಆದರೆ ಆ ತಂಡದ ಪಟ್ಟಿ ತೆಗೆದರೆ ಅವರ ವಾದದ ರುಜುವಾತು ಅಲ್ಲೇ ಇದೆ: ಒಬೆರ್ಟೊ ಲಾಸ್ ವರಿಯಾಸ್‌ನವರು, ಸ್ಕೊನೊಚಿನಿ ಕಾನ್ಯಾದ ದೆ ಗೋಮೆಸ್‌ನವರು, ಹರ್ಮನ್ ವೆನಾದೊ ತುಯೆರ್ತೊದವರು, ವೊಲ್ಕೊವಿಸ್ಕಿ ಉತ್ತರದ ಚಾಕೊ ಪ್ರಾಂತ್ಯದವರು. ಲಾಸ್ ವರಿಯಾಸ್ ನಮ್ಮ ಲಕ್ಷ್ಮೇಶ್ವರಕ್ಕಿಂತ ಚಿಕ್ಕ ಊರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಈ ಆಟಗಾರರನ್ನು ತಿದ್ದಿ ತೀಡಿದ್ದು ಯುರೋಪಿನ ಶ್ರೀಮಂತ ಲೀಗುಗಳು ಮತ್ತು ಎನ್‌ಬಿಎ. ಕ್ಲಬ್ಬುಗಳಿಗೆ ಸುಮ್ಮನೆ ಕೀರ್ತಿ ಕಟ್ಟಬಾರದು ಎಂಬುದು ಅದು. ಇದರಲ್ಲಿ ಅರ್ಧ ಸತ್ಯವಿದೆ. ಜಿನೊಬಿಲಿ ಇಟಲಿಯಲ್ಲಿ ಆಡಿ 2001ರಲ್ಲಿ ಬೊಲೋನ್ಯಾ ತಂಡದೊಂದಿಗೆ ಯುರೋಲೀಗ್ ಗೆದ್ದರು, ಆಮೇಲೆ ಸ್ಯಾನ್ ಆಂಟೋನಿಯೊ ತಂಡದಲ್ಲಿ ನಾಲ್ಕು ಎನ್‌ಬಿಎ ಪ್ರಶಸ್ತಿಗಳಲ್ಲಿ ಪಾಲುಗಾರರಾದರು. ಆದರೆ ಇಟಲಿಗೆ ಹೊರಟಾಗ ಅವರಿಗೆ ಇಪ್ಪತ್ತೊಂದು. ಅಷ್ಟರಲ್ಲಿ ಅವರು ಓಣಿಯ ಕ್ಲಬ್ಬಿನಲ್ಲಿ ಕಲಿತು, ನಾಜ್ನುಡೆಲ್ ಕಟ್ಟಿದ ಲೀಗ್‌ನಲ್ಲಿ ಮೂರು ಋತು ಆಡಿ ಆಗಿತ್ತು. ಬರೀ ಎತ್ತರ ನೋಡಿ ಇಟಲಿ ಅವರನ್ನು ಕರೆಯಲಿಲ್ಲ, ಆಟ ನೋಡಿ ಕರೆಯಿತು. ಮತ್ತೊಂದು ಆಕ್ಷೇಪ ದುಡ್ಡಿನದು: ಅದು ಶ್ರೀಮಂತ ದೇಶ, ನಮ್ಮ ಕೈಲಾಗದು. 2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ಸಾಲ ತೀರಿಸಲಾಗದೆ ದಿವಾಳಿಯಾಯಿತು, ಬ್ಯಾಂಕುಗಳು ಜನರ ಠೇವಣಿ ಕೊಡಲಿಲ್ಲ. ಅದಾಗಿ ಒಂಬತ್ತೇ ತಿಂಗಳಲ್ಲಿ, 2002ರ ಸೆಪ್ಟೆಂಬರಿನಲ್ಲಿ, ತರಬೇತುದಾರ ರೂಬೆನ್ ಮಗ್ನಾನೊ ಅವರ ತಂಡ ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕವನ್ನು 87–80ರಿಂದ ಸೋಲಿಸಿತು. ಎನ್‌ಬಿಎ ಆಟಗಾರರ ಅಮೆರಿಕ ತಂಡಕ್ಕೆ ಅದು ಮೊದಲ ಸೋಲು. ದೇಶದ ಬೊಕ್ಕಸ ಬರಿದಾದಾಗಲೂ ಆಟ ಉಳಿಯಿತೆಂದರೆ, ಅದರ ಬೇರು ಬೊಕ್ಕಸದಲ್ಲಿ ಇರಲಿಲ್ಲ ಎಂದೇ ಅರ್ಥ.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಕ್ಲಬ್ಬುಗಳು ಅಷ್ಟು ಗಟ್ಟಿಯಾಗಿದ್ದರೆ ಅರ್ಜೆಂಟೀನಾ 2023ರ ವಿಶ್ವಕಪ್ಪಿಗೂ 2024ರ ಪ್ಯಾರಿಸ್ ಒಲಿಂಪಿಕ್ಸಿಗೂ ಅರ್ಹತೆ ಪಡೆಯದೆ ಹೋದದ್ದೇಕೆ? ಓಣಿಯ ಕ್ಲಬ್ಬು ಎಂದೆಂದಿಗೂ ಗೆಲುವಿನ ಖಾತರಿ ಕೊಡುವುದಿಲ್ಲ. ಬೆಲೆಯೇರಿಕೆ ವಂತಿಗೆಯನ್ನು ನುಂಗುತ್ತದೆ, ಒಳ್ಳೆಯ ಹುಡುಗರು ಚಿಕ್ಕ ವಯಸ್ಸಿನಲ್ಲೇ ಸ್ಪೇನಿಗೆ ಹೊರಟು ಹೋಗುತ್ತಾರೆ. ಆದರೂ 1957ರ ಪೆಟ್ಟಿಗೂ ಈಗಿನ ಹಿನ್ನಡೆಗೂ ವ್ಯತ್ಯಾಸವಿದೆ. 2008ರಲ್ಲಿ ಕಂಚು ಗೆದ್ದಾಗಲೂ, 2019ರ ವಿಶ್ವಕಪ್‌ನಲ್ಲಿ 39 ವರ್ಷದ ಲೂಯಿಸ್ ಸ್ಕೋಲಾ ತಂಡವನ್ನು ಫೈನಲ್‌ವರೆಗೆ ಒಯ್ದಾಗಲೂ ತರಬೇತುದಾರರಾಗಿದ್ದ ಸೆರ್ಜಿಯೊ ಹೆರ್ನಾಂಡೆಸ್ ಬಾಹಿಯಾ ಬ್ಲಾಂಕಾದವರೇ. 2022ರಲ್ಲಿ ಬ್ರೆಜಿಲ್ ನೆಲದಲ್ಲೇ ಬ್ರೆಜಿಲನ್ನು ಸೋಲಿಸಿ ಅಮೆರಿಕಾ ಖಂಡಗಳ ಕಪ್ ಗೆದ್ದದ್ದೂ ಇದೇ ಅರ್ಜೆಂಟೀನಾ. ಅಂದು ತಂಡ ಹೋದದ್ದು ಆಜ್ಞೆಯಿಂದ, ನಾಲ್ಕು ದಶಕ ಮೇಲೇಳಲಿಲ್ಲ. ಈಗಿನದು ಆಟದ ಏರಿಳಿತ. ಹುಡುಗರನ್ನು ತಯಾರು ಮಾಡುವ ಮನೆಗಳು ಇನ್ನೂ ಬಾಗಿಲು ತೆರೆದೇ ಇವೆ.

ಈಗ ನಮ್ಮ ಸೀಮೆಗೆ ಬರೋಣ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಊರವರೇ ಷೇರು ಹಾಕಿ, ಊರವರೇ ಲೆಕ್ಕ ಕೇಳುವ ಸಂಸ್ಥೆ ಅದು. ಬಾಹಿಯಾ ಬ್ಲಾಂಕಾದ ಕ್ಲಬ್ಬು ನಡೆಯುವುದೂ ಇದೇ ತತ್ವದ ಮೇಲೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಭಕ್ತರ ಕಾಣಿಕೆ, ದವಸಗಳ ಬಲದಿಂದಲೇ ಅಂಧ ಮಕ್ಕಳನ್ನು ದೊಡ್ಡ ಗಾಯಕರನ್ನಾಗಿ ಬೆಳೆಸಿದೆ. ಸಾಲಕ್ಕೂ ಸಂಗೀತಕ್ಕೂ ಇದನ್ನು ಮಾಡಿ ತೋರಿಸಿದ ಜನ ಆಟಕ್ಕೆ ಮಾತ್ರ ಮಾಡಿಕೊಳ್ಳಲಿಲ್ಲ. ಅದರ ಬೆಲೆ ತೆತ್ತವರು ಮಕ್ಕಳು. 1996ರಲ್ಲಿ ಭಾರತದ ಪರ ಟೆಸ್ಟ್ ಆಡಿದ ಗದುಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಆ ಛಲಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ. ಆದರೆ ಅಂಥ ಛಲ ಸಾವಿರಕ್ಕೊಬ್ಬನಿಗೆ ಇರುತ್ತದೆ. ಉಳಿದ 999 ಹುಡುಗರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಳವಿರಬೇಕು.

ಸಹಕಾರ ಸಂಘಗಳಲ್ಲೇ ರಾಜಕೀಯ ಹೊಕ್ಕು ಹಾಳಾಗಿದೆ, ಕ್ಲಬ್ಬು ಕಟ್ಟಿದರೆ ಅದೂ ಹಾಗೇ ಆಗುತ್ತದೆ ಎಂದು ಹೇಳುವವರಿಗೆ ಉತ್ತರ ಇಷ್ಟು: ಜಗಳ ಅಲ್ಲಿಯ ಕ್ಲಬ್ಬುಗಳಲ್ಲೂ ಇತ್ತು, ಚುನಾವಣೆಯೂ ಇತ್ತು; ಆದರೆ ಮಗನನ್ನೋ ಮಗಳನ್ನೋ ಅದೇ ಅಂಗಳಕ್ಕೆ ಕಳಿಸುವ ತಂದೆತಾಯಿ ಸದಸ್ಯರಾಗಿರುವವರೆಗೆ ಲೆಕ್ಕ ಕೇಳುವವರಿಗೆ ಬರವಿರುವುದಿಲ್ಲ. ಬಾಸ್ಕೆಟ್‌ಬಾಲ್ ಅಂಗಳಕ್ಕೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ ಮತ್ತು ಎರಡು ಕಂಬ. ಜಾತ್ರೆಗೆ ಪಟ್ಟಿ ಎತ್ತುವ, ಗರಡಿ ಮನೆಗೆ ಮಣ್ಣು ಹಾಕಿಸುವ ಓಣಿಗಳಿಗೆ ಇದು ಮೀರಿದ ಭಾರವಲ್ಲ. ಕಬಡ್ಡಿಯಾಗಲಿ, ಹಾಕಿಯಾಗಲಿ, ಕುಸ್ತಿಯಾಗಲಿ, ಆಟ ಯಾವುದೆಂಬುದು ಆಮೇಲಿನ ಮಾತು. ಬೆಟಗೇರಿಯ ನೇಕಾರರ ಓಣಿಯಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಂದೊಂದು ಶಾಲೆಯ ಬಯಲಿನಲ್ಲಿ ಸದಸ್ಯರದೇ ಆದ ಒಂದೊಂದು ಕ್ಲಬ್ಬು ನೋಂದಣಿಯಾಗಲಿ, ತಿಂಗಳ ವಂತಿಗೆ ಗೊತ್ತಾಗಲಿ, ನಾಲ್ಕೂ ಊರುಗಳ ನಡುವೆ ವರ್ಷಪೂರ್ತಿ ಪಂದ್ಯ ನಡೆಯಲಿ. ಸರ್ಕಾರದ ಕ್ರೀಡಾಂಗಣಕ್ಕೆ ಕಾಯುತ್ತ ಕೂತರೆ ಇನ್ನೊಂದು ಪೀಳಿಗೆ ಹಾಗೇ ದಾಟಿ ಹೋಗುತ್ತದೆ. ಕಣಗಿನಹಾಳದವರು 1905ರಲ್ಲಿ ಯಾರನ್ನೂ ಕಾಯಲಿಲ್ಲ, ನಾವೂ ಕಾಯಬೇಕಾಗಿಲ್ಲ.