ಚೇತರಿಕೆಯ ಎರಡು ತಾರೀಖುಗಳು

ಅಮೇರಿಕದಲ್ಲಿ 2007ರ ಡಿಸೆಂಬರಿನಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟು 2009ರ ಜೂನಿನಲ್ಲಿ ಮುಗಿಯಿತೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ದುಡಿಯುವವನ ಪಂಚಾಂಗವಾದರೋ ಬೇರೆ. ನಿರುದ್ಯೋಗದ ಪ್ರಮಾಣವು ಶೇಕಡಾ 10ಕ್ಕೆ ಏರಿದುದು ಆ ವರ್ಷದ ಅಕ್ಟೋಬರಿನಲ್ಲಿ. ಉದ್ಯೋಗಗಳ ಸಂಖ್ಯೆ ತಳಮುಟ್ಟಿದುದು 2010ರ ಫೆಬ್ರುವರಿಯಲ್ಲಿ. ಅಷ್ಟರೊಳಗೆ ಸುಮಾರು 87 ಲಕ್ಷ ಉದ್ಯೋಗಗಳು ನಷ್ಟವಾಗಿದ್ದವು.

ಅನಂತರದ ಮಾಸಿಕ ಅಂಕಿಗಳನ್ನೂ ಎಚ್ಚರಿಕೆಯಿಂದ ಓದಬೇಕು. 2010ರ ಮೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಉದ್ಯೋಗಗಳು ಹೆಚ್ಚಿದುವೆಂದು ವರದಿಯಾಯಿತು. ಅವುಗಳಲ್ಲಿ ಬಹುಪಾಲು ಜನಗಣತಿಯ ತಾತ್ಕಾಲಿಕ ಕೆಲಸಗಳು. ಗಣತಿಯೊಡನೆ ಅವೂ ಮುಗಿದುವು. ಅಲ್ಲದೆ, ನಾಲ್ಕು ವಾರ ಕೆಲಸ ಹುಡುಕದವನನ್ನು ಸಾಮಾನ್ಯವಾಗಿ ಅಲ್ಲಿ ನಿರುದ್ಯೋಗಿಯೆಂದು ಎಣಿಸುವುದಿಲ್ಲ. ಆದ್ದರಿಂದ ಕೆಲಸ ದೊರೆತಾಗ ಮಾತ್ರವಲ್ಲ, ಆಶೆ ಬತ್ತಿದಾಗಲೂ ನಿರುದ್ಯೋಗದ ಅಂಕಿ ಇಳಿಯುತ್ತದೆ.

ಕಳೆದಷ್ಟು ಉದ್ಯೋಗಗಳು ಮರಳಿದುದು 2014ರಲ್ಲಿ. ದುಡಿಯುವ ವಯಸ್ಸಿನವರ ಸಂಖ್ಯೆ ಆ ವೇಳೆಗೆ ಬೆಳೆದಿತ್ತು. ಚೇತರಿಕೆಯ ಇತಿಹಾಸಕಾರನು 2009ರೊಡನೆ ಈ ವರ್ಷವನ್ನೂ ಬರೆದಿಡಬೇಕು.