ಗೆರೆಯೂ ಮತವೂ

ಜಿಲ್ಲೆ ಚಿಕ್ಕದಾದಷ್ಟೂ ಆಡಳಿತ ಜನರ ಬಾಗಿಲಿಗೆ ಹತ್ತಿರವೆಂದು ನಾನು ಬಹುಕಾಲ ನಂಬಿದ್ದೆ. ಪಶ್ಚಿಮ ಆಫ್ರಿಕದ ಘಾನಾ ದೇಶದ ಚರಿತ್ರೆ ಆ ನಂಬಿಕೆಯನ್ನು ಅಲುಗಿಸಿತು.

ಅಲ್ಲಿ 65 ಇದ್ದ ಜಿಲ್ಲೆಗಳು 1988ರ ಸುಧಾರಣೆಯಿಂದ 110 ಆದವು. 2012ರ ವೇಳೆಗೆ 216, 2021ರ ಹೊತ್ತಿಗೆ 261. ಜಿಲ್ಲಾಸಭೆಯ ಹೆಚ್ಚಿನ ಸದಸ್ಯರನ್ನು ಜನ ಆರಿಸುತ್ತಾರೆ, ನಿಜ. ಆದರೆ ಜಿಲ್ಲೆಯ ಮುಖ್ಯಾಧಿಕಾರಿಯನ್ನು ಹೆಸರಿಸುವವರು ರಾಷ್ಟ್ರಾಧ್ಯಕ್ಷರು.

ಇದಕ್ಕಿಂತ ಕಹಿಯಾದದ್ದು 2020ರಲ್ಲಿ ನಡೆಯಿತು. ಸಾಂತ್ರೊಕೊಫಿ, ಅಕ್ಪಾಫು, ಲಿಕ್ಪೆ, ಲೊಲೊಬಿ ಸೀಮೆಗಳು ಹಳೆಯ ಹೊಹೊಯ್ ಕ್ಷೇತ್ರದಿಂದ ಹೊರಬಿದ್ದವು. ಅವುಗಳಿಗೆ ಗ್ವಾನ್ ಎಂಬ ಹೊಸ ಜಿಲ್ಲೆ ಗೊತ್ತಾದರೂ ಹೊಸ ಕ್ಷೇತ್ರ ಸಿದ್ಧವಾಗಿರಲಿಲ್ಲ. ಆ ಡಿಸೆಂಬರಿನಲ್ಲಿ ಅಲ್ಲಿಯವರು ರಾಷ್ಟ್ರಾಧ್ಯಕ್ಷರ ಆಯ್ಕೆಗೆ ಮತವಿತ್ತರು, ಪಾರ್ಲಿಮೆಂಟಿಗೆ ಕೊಡಲಾಗಲಿಲ್ಲ. 2024ರ ಚುನಾವಣೆಯವರೆಗೆ ಅವರಿಗೆ ಪ್ರತಿನಿಧಿಯೇ ಇರಲಿಲ್ಲ.

ಜಿಲ್ಲೆ ಹತ್ತಿರ ಬಂದರೆ ಸಾಲದು. ಜನರ ಮಾತು ನಡೆಯುವ ಕಡೆಗೂ ದಾರಿ ಇರಬೇಕೆಂದು ಈಗ ನನಗನ್ನಿಸುತ್ತದೆ.