ಒಡೆದ ಮಡಕೆ ಮತ್ತು ರುಮ್ಮಾನಾ ಹುಸೇನ್

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಆ ತಿಂಗಳು ಮತ್ತು ಮುಂದಿನ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ಶ್ರೀಕೃಷ್ಣ ಆಯೋಗದ ವರದಿಯ ಪ್ರಕಾರ ಸತ್ತವರು 900 ಮಂದಿ. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. ಈ ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟವೂ ಇದೆ. ಬಡವರ ಗಲ್ಲಿಗಳಲ್ಲಿ ಮಾತ್ರವಲ್ಲ, ಉಳ್ಳವರ ಬಹುಮಹಡಿ ಕಟ್ಟಡಗಳಲ್ಲೂ ಮುಸ್ಲಿಮರು ಬಾಗಿಲ ಮೇಲಿನ ಹೆಸರಿನ ಫಲಕವನ್ನು ಕಳಚಿಟ್ಟರು. ಅದುವರೆಗೆ ತಮ್ಮ ಹೆಸರನ್ನು ಬರೀ ಹೆಸರೆಂದೇ ತಿಳಿದಿದ್ದವರಿಗೆ ಅದು ಅಪಾಯದ ಗುರುತೂ ಹೌದೆಂದು ಗೊತ್ತಾಯಿತು.

ಆಗ ಮುಂಬಯಿಯಲ್ಲಿದ್ದ ಕಲಾವಿದೆ ರುಮ್ಮಾನಾ ಹುಸೇನ್ ಇಂಥವರಲ್ಲೊಬ್ಬರು. ಅವರು ಹುಟ್ಟಿದ್ದು 1952ರಲ್ಲಿ, ಬೆಂಗಳೂರಿನಲ್ಲಿ. ಮನೆತನ ಲಕ್ನೋದ್ದು. ತಂದೆ ಇನಾಯತ್ ಹಬೀಬುಲ್ಲಾ ಸೇನೆಯಲ್ಲಿ ಮೇಜರ್ ಜನರಲ್ ಆಗಿದ್ದವರು, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಮುನ್ನಡೆಸಿದವರು. ತಾಯಿ ಹಮೀದಾ ಹಬೀಬುಲ್ಲಾ ಸಾರ್ವಜನಿಕ ಬದುಕಿಗೆ ಬಂದು ಶಾಸಕಿಯೂ ರಾಜ್ಯಸಭಾ ಸದಸ್ಯೆಯೂ ಆದವರು. ದೇಶ ಕಟ್ಟಿದವರ ಸಾಲಿನಲ್ಲಿ ಹೆಮ್ಮೆಯಿಂದ ನಿಲ್ಲಬಹುದಾದ ಇಂಥ ಮನೆಯ ಮಗಳಿಗೂ ‘ನೀನು ಯಾರು’ ಎಂಬ ಪ್ರಶ್ನೆ ತಪ್ಪಲಿಲ್ಲ.

ಅದುವರೆಗೆ ರುಮ್ಮಾನಾ ಎಣ್ಣೆಬಣ್ಣದಲ್ಲಿ ಮಾನವಾಕೃತಿಗಳನ್ನು ಚಿತ್ರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಕಲೆ ಕಲಿತಿದ್ದರು. ಸಫ್ದರ್ ಹಾಶ್ಮಿಯವರ ಕೊಲೆಯ ನಂತರ 1989ರಲ್ಲಿ ಹುಟ್ಟಿದ ‘ಸಹಮತ್’ ಸಂಘಟನೆಯೊಂದಿಗೂ ಅವರಿಗೆ ನಂಟಿತ್ತು. ಗಲಭೆಯ ನಂತರ ಅವರ ಕೈಯಲ್ಲಿ ಕುಂಚ ನಿಲ್ಲಲಿಲ್ಲ. ಕುಂಬಾರನ ಮಡಕೆ, ಕನ್ನಡಿ, ಕೆಮ್ಮಣ್ಣು, ನೀಲಿಪುಡಿ, ಛಾಯಾಚಿತ್ರ, ಕೊನೆಗೆ ತಮ್ಮದೇ ದೇಹ ಇವೇ ಅವರ ಸಾಮಗ್ರಿಗಳಾದವು. ಕಲಾವಿಮರ್ಶಕರು ಇದನ್ನು ಮಿಶ್ರ ಮಾಧ್ಯಮವೆನ್ನುತ್ತಾರೆ, ಪ್ರತಿಷ್ಠಾಪನಾ ಕಲೆಯೆನ್ನುತ್ತಾರೆ. ಆ ದಾರಿಯಲ್ಲಿ ರುಮ್ಮಾನಾ ಒಂಟಿಯಲ್ಲ. ನಳಿನಿ ಮಲಾನಿ, ವಿವಾನ್ ಸುಂದರಂ ಕೂಡ ಅದೇ ವರ್ಷಗಳಲ್ಲಿ ಕ್ಯಾನ್‌ವಾಸಿನ ಚೌಕಟ್ಟಿನಿಂದ ಹೊರಬಂದಿದ್ದರು. ಮುಂಬಯಿ ಗಲಭೆಯಲ್ಲಿ ಸತ್ತು ಬೀದಿಯಲ್ಲಿ ಬಿದ್ದಿದ್ದವನ ಪತ್ರಿಕಾ ಚಿತ್ರವೊಂದನ್ನೇ ಹಿಡಿದು ಸುಂದರಂ 1993ರಲ್ಲಿ ‘ಮೆಮೋರಿಯಲ್’ ಎಂಬ ಸ್ಮಾರಕ ಕಟ್ಟಿದರು.

ಒಡೆದ ಮಡಕೆ ಇಟ್ಟರೆ ಅದು ಹೇಗೆ ಕಲೆಯಾಗುತ್ತದೆ? ಓದುಗರು ಈ ಪ್ರಶ್ನೆ ಕೇಳಿದರೆ ತಪ್ಪಿಲ್ಲ. ಅದರ ಹೆಸರಿನಲ್ಲಿ ಪೊಳ್ಳು ಸಾಮಾನೂ ಸಾಕಷ್ಟು ಬಂದಿದೆ. ಆದರೆ ರುಮ್ಮಾನಾ ಅವರ ಮಡಕೆಯನ್ನು ಸ್ವಲ್ಪ ನಿಂತು ನೋಡಬೇಕು. ಸೀಳಿದ ಮಡಕೆಯನ್ನು ಬೋರಲು ಹಾಕಿದರೆ ಅದು ಗುಮ್ಮಟ. ಮೇಲ್ಮುಖವಾಗಿಟ್ಟರೆ ನೀರಿನ ಪಾತ್ರೆ, ಹೆಣ್ಣಿನ ಗರ್ಭ. ಕನ್ನಡಿಯ ಮೇಲಿಟ್ಟರೆ ಕಣ್ಣಿಗೆ ಇಡಿಯಾಗಿ ಕಾಣುತ್ತದೆ, ಮುಟ್ಟಿದರೆ ಅರ್ಧವೇ. ಕೆಡವಿದ ಮಸೀದಿಯ ಚಿತ್ರವನ್ನು ಬರೆಯದೆಯೇ ಅದನ್ನು ಅಡುಗೆಮನೆಯೊಳಕ್ಕೆ, ಹೆಣ್ಣಿನ ಮೈಯೊಳಕ್ಕೆ ತಂದ ಕೆಲಸವಿದು. ಗಲಭೆಯೆಂದರೆ ಗಂಡಸರ ಘೋಷಣೆ, ಗಂಡಸರ ಶಾಂತಿಸಭೆ ಎಂದಾಗಿರುವಾಗ ಹೆಣ್ಣಿನ ಗಾಯವನ್ನು ನಡುವೆ ತಂದಿಟ್ಟದ್ದೇ ಇಲ್ಲಿಯ ಹೊಸತು. ಈ ಕೃತಿಗಳು 1994ರಲ್ಲಿ ಮುಂಬಯಿಯ ಕೆಮೋಲ್ಡ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡವು. ಡ್ರಾಯಿಂಗ್ ರೂಮಿನ ಗೋಡೆಗೆ ತೂಗುಹಾಕುವಂಥ ಸರಕು ಇದಲ್ಲ ಎನ್ನುವುದು ಬೇರೆ ಮಾತು.

1995ರಲ್ಲಿ ಮುಂಬಯಿಯ ಎನ್‌ಸಿಪಿಎ ಅಂಗಳದಲ್ಲಿ ಅವರು ‘ಲಿವಿಂಗ್ ಆನ್ ದ ಮಾರ್ಜಿನ್ಸ್’ ನಡೆಸಿದರು. ಕಾಲಿಗೆ ಗೆಜ್ಜೆ, ಕೈಯಲ್ಲಿ ಎರಡಾಗಿ ಸೀಳಿದ ಪಪ್ಪಾಯಿ ಹಣ್ಣು. ಬಾಯಿ ಅಗಲವಾಗಿ ತೆರೆದಿದೆ. ಚೀತ್ಕಾರದ ದನಿ ಮಾತ್ರ ಇಲ್ಲ. ಹಾಗೆಯೇ ಜನರ ನಡುವೆ ನಡೆದರು. 1996ರ ‘ಹೋಮ್/ನೇಷನ್’ ಪ್ರದರ್ಶನದಲ್ಲಿ ಕಮಾನು, ತೆರೆದ ಬಾಯಿ, ಸೀಳಿದ ಹಣ್ಣುಗಳ ಛಾಯಾಚಿತ್ರಗಳು ಅಕ್ಕಪಕ್ಕ ಬಂದವು. ಒಂದೇ ಆಕಾರ, ಮೂರು ಗಾಯ.

ಮುಂದಿನ ವರ್ಷ ಅವರು ಲಕ್ನೋದ ಚರಿತ್ರೆಗೆ ಮರಳಿದರು. ‘ದ ಟೂಂಬ್ ಆಫ್ ಬೇಗಂ ಹಜರತ್ ಮಹಲ್’ ಎಂಬ ಕೃತಿ ರಚಿಸಿದರು. 1857ರಲ್ಲಿ ಕಂಪೆನಿ ಸರಕಾರದ ವಿರುದ್ಧ ಅವಧ್‌ನ ದಂಗೆಯನ್ನು ಮುನ್ನಡೆಸಿದ ಈ ಬೇಗಂ ಬ್ರಿಟಿಷರಿಗೆ ಶರಣಾಗಲಿಲ್ಲ. ವಿಕ್ಟೋರಿಯಾ ರಾಣಿಯ ಘೋಷಣೆಗೆ ಪ್ರತಿಘೋಷಣೆ ಹೊರಡಿಸಿ ನೇಪಾಳಕ್ಕೆ ಹೋದರು, 1879ರಲ್ಲಿ ಕಠ್ಮಂಡುವಿನಲ್ಲಿ ತೀರಿಕೊಂಡರು. ಗೋರಿ ಈಗಲೂ ಅಲ್ಲೇ ಇದೆ. ಈ ನೆಲಕ್ಕಾಗಿ ಹೋರಾಡಿದವಳಿಗೆ ಈ ನೆಲದಲ್ಲಿ ಆರಡಿ ಮೂರಡಿ ಜಾಗ ದಕ್ಕಲಿಲ್ಲ. ಮುಸ್ಲಿಮರನ್ನು ಹೊರಗಿನವರೆಂದು ಕರೆಯುತ್ತಿದ್ದ ವರ್ಷಗಳಲ್ಲಿ ಕಲಾವಿದೆಯೊಬ್ಬರು ಆ ಗೋರಿಯನ್ನು ಮತ್ತೆ ಕಟ್ಟಿದ್ದು ಆಕಸ್ಮಿಕವಾಗಿರಲಾರದು.

ಅಷ್ಟು ಹೊತ್ತಿಗೆ ಅವರನ್ನು ಸ್ತನ ಕ್ಯಾನ್ಸರ್ ಹಿಡಿದಿತ್ತು. 1998ರ ‘ಈಸ್ ಇಟ್ ವಾಟ್ ಯು ಥಿಂಕ್?’ ಪ್ರಯೋಗದಲ್ಲಿ ಅವರು ಮುಸ್ಲಿಂ ಹೆಣ್ಣಿನ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಒಂದಾದ ಮೇಲೊಂದು ಓದಿದರು, ಉತ್ತರ ಕೊಡಲಿಲ್ಲ. ಬುರ್ಖಾ ತೊಟ್ಟವಳೆಂದರೆ ದಮನಿತೆ, ತೊಡದವಳೆಂದರೆ ಮುಸ್ಲಿಮಳೇ ಅಲ್ಲ ಎಂಬ ಎರಡು ಸಿದ್ಧ ಚೌಕಟ್ಟುಗಳು ಹೊರಗಿನವರಲ್ಲೂ ಇವೆ, ನಮ್ಮವರಲ್ಲೂ ಇವೆ. ಕೇಳುವವರೇ ತಮ್ಮ ಪ್ರಶ್ನೆಯನ್ನು ಕಿವಿಯಾರೆ ಕೇಳಿಸಿಕೊಳ್ಳುವಂತೆ ಅವರು ಮಾಡಿದರು.

1999ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಅವರು ಮುಂಬಯಿಯಲ್ಲಿ ನಿಧನರಾದರು. ಅವರ ಕೊನೆಯ ಕೃತಿ ‘ಎ ಸ್ಪೇಸ್ ಫಾರ್ ಹೀಲಿಂಗ್’ ಅದೇ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಏಷ್ಯಾ ಪೆಸಿಫಿಕ್ ಟ್ರಿನಾಲೆಯಲ್ಲಿತ್ತು. ಅದೊಂದು ಕೋಣೆ. ಆಸ್ಪತ್ರೆಯಂತೆಯೂ ಕಾಣುತ್ತದೆ, ದರ್ಗಾದಂತೆಯೂ ಕಾಣುತ್ತದೆ. ಕುಂಕುಮಗೆಂಪು ಗೋಡೆಯ ಮೇಲೆ ಲೋಹದ ಉಪಕರಣಗಳನ್ನು ಸಾಲಾಗಿ ಜೋಡಿಸಲಾಗಿದೆ. ದೂರದಿಂದ ನೋಡಿದರೆ ಅದು ಮಸೀದಿಯ ಗೋಡೆಯ ಮೇಲಿನ ಅರಬಿ ಲಿಪಿ ಎನಿಸುತ್ತದೆ.